ಜೀರುಗುಣಿಕೆ

ಹದಿನೆಂಟು ದಿನ ನೀರಲ್ಲಿ ಬಿದ್ದಿದ್ದ ಕತ್ತಾಳೆ ಪಟ್ಟೆಗಳನ್ನು
ಕಾಲೇಜಿನ ಪಂಪ್‌ಹೌಸ್ ಹಿಂದಿನ ತೊಟ್ಟಿಯಿಂದ ಎತ್ತಿದ ಸಂಜೆ
ನಮ್ಮ ಭಾಷೆ ಎಷ್ಟು ಪ್ರಾಮಾಣಿಕ ಅಂತ ತಿಳಿಯಿತು:
ನಾರು ನಾರುತ್ತದೆ.
ಮಂಡ್ಯದಿಂದ ಪಾಂಡವಪುರದ ಬಸ್ಸಿನಲ್ಲಿ
ಮೂವರ ಸೀಟು ಪೂರ್ತಿ ನನಗೇ ಸಿಕ್ಕಿತು.
ಕಂಡಕ್ಟರ್ ಚಿಲ್ಲರೆಯನ್ನು ದೂರದಿಂದಲೇ ಚಾಚಿದ.

ಮೊದಲ ವರ್ಷ ನಾರನ್ನು ಪುಸ್ತಕದಲ್ಲಿ ಓದಿದೆ.
ಎರಡನೆಯ ವರ್ಷ ಹುಲಿಕೆರೆಯ ಸುರಂಗದಾಚೆ, ನಾಲೆ ಏರಿ ಪಕ್ಕ,
ಹಗ್ಗದ ಕೆಂಪಾಜಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತೆ.
ಅವಳು ಕಣ್ಣಲ್ಲಿ ನೋಡುವುದಿಲ್ಲ.
ಎಳೆಯೊಂದನ್ನು ಕೆಳತುಟಿಗೆ ಸವರಿ
"ಇದು ಏರಿ ಮ್ಯಾಲಿಂದು, ನೀರ್ ಕಂಡಿಲ್ಲ.
ಇದು ಗದ್ದೆ ಬದಿಂದು, ಕೊಬ್ಬೈತೆ, ಬಿರ್ರನೆ ಕಿತ್ತೋಯ್ತದೆ."
ನಾನು ಬರೆದುಕೊಂಡೆ: ಮಾದರಿ ಎ, ಮಾದರಿ ಬಿ.
ತುಟಿಗೆ ಕಾಲಂ ಇರಲಿಲ್ಲ.

ಆಮೇಲೆ ಕಾಸ್ಟಿಕ್ ಸೋಡ. ನೂರಕ್ಕೆ ಐದು, ನಾಲ್ಕು ಗಂಟೆ.
ಜಿಡ್ಡು ಬಿಡಬೇಕು, ಮೈ ಒರಟಾಗಬೇಕು,
ಒರಟು ಮೈಯನ್ನೇ ರಾಳ ಕಚ್ಚಿ ಹಿಡಿಯುವುದು.
ಒಮ್ಮೆ ಅವಸರಕ್ಕೆ ಹತ್ತು ಹಾಕಿದೆ.
ರೇಷ್ಮೆಯ ಹಾಗೆ ಬೆಳ್ಳಗೆ ಬಂತು,
ಬೆರಳಿಗೆ ಸುತ್ತುವಾಗ ಸದ್ದಿಲ್ಲದೆ ತುಂಡಾಯಿತು.
"ಅತಿಯಾಗ್ ತೊಳ್ದ್‌ಬುಟ್ಟಿದ್ದೀಯ ಕನವ್ವ.
ಕೊಳೆ ಯಾವ್ದು, ಕಸುವು ಯಾವ್ದು
ಅದಕ್ಕೇ ಮರ್ತೋಗೈತೆ."

ಅಚ್ಚಿಗೆ ಮೇಣ. ಹತ್ತಕ್ಕೊಂದು ಹಾರ್ಡನರ್.
ನಾರು ಹಾಸಿ, ರಾಳ ಸುರಿದು, ರೋಲರ್ ಎಳೆದು
ಗಾಳಿಗುಳ್ಳೆ ಒಂದೊಂದನ್ನೂ ಅಂಚಿಗೆ ಅಟ್ಟಿ
ರಾತ್ರಿಯಿಡೀ ಭಾರ ಹೇರಿಟ್ಟರೆ
ಬೆಳಿಗ್ಗೆ ಜೇನುಬಣ್ಣದ ಹಲಗೆ.

ಎಳೆಯುವ ಯಂತ್ರ ಮುನೀರ್ ಸಾಹೇಬರದು,
ಅಂದರೆ ಕಾಲೇಜಿನದು, ಆದರೆ ಕೇಳುವುದು ಅವರ ಮಾತನ್ನೇ.
ಎರಡು ದವಡೆಗಳ ನಡುವೆ ಪಟ್ಟಿ ಸಿಕ್ಕಿಸಿ
ತಲೆ ಓರೆ ಮಾಡಿ ಆಲಿಸುತ್ತಾರೆ.
ಮೊದಲು ಏನಿಲ್ಲ.
ಆಮೇಲೆ ಯಾರೋ ಹುರಿಗಡಲೆ ಅಗಿಯುವ ಸದ್ದು.
"ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗ್ತಿತ್ತು ಮೇಡಂ,
ನಿಮ್ಮದು ಹೂವಿಲ್ಲದೇ ಹೊರಟಿದೆ. ಎಲ್ಲಿ ತಲುಪುತ್ತೋ."
ಫಟ್.
ಇಪ್ಪತ್ತರಲ್ಲಿ ಎರಡೂ ಒಂದೇ ಥರ ಮುರಿಯಲಿಲ್ಲ.
ಗೈಡ್‌ಗೆ ಅದೇ ಚಿಂತೆ: ಗಾಜಿನ ನಾರು ಹೀಗಾಡುವುದಿಲ್ಲವಲ್ಲ.
ಗಾಜಿನ ತುದಿಯನ್ನು ಆಡು ಕಚ್ಚಿಲ್ಲ ಸಾರ್,
ಬಿರುಬಿಸಿಲಿಗೆ ಅದು ತನ್ನ ಎಲೆ ಮಡಚಿಕೊಂಡಿಲ್ಲ,
ಅಂತ ನಾನು ಹೇಳಲಿಲ್ಲ.
ಸರಾಸರಿ ಹಾಕಿದೆ.

ಗೆದ್ದ ಹಲಗೆಯೊಂದನ್ನು ಕೆಂಪಾಜಮ್ಮನಿಗೆ ಒಯ್ದೆ.
ಬೆರಳ ಗೆಣ್ಣಿನಿಂದ ಕುಟ್ಟಿ
ತೆಂಗಿನಕಾಯಿಯನ್ನು ಕೇಳುವ ಹಾಗೆ ಕೇಳಿದಳು.
ಒಳಗೆ ತನ್ನ ಎಳೆ ಕಂಡಿತು. ಉಗುರಿಂದ ಗೀರಿದಳು. ಸಿಗಲಿಲ್ಲ.
"ಏನಾಯ್ತದೆ ಇದು?"
ಬಸ್ಸಿನ ಬಾಗಿಲಿಗೆ ಒಳಹಲಗೆ ಆಗಬಹುದು, ಅಂದೆ. ಹಗುರ. ಅಗ್ಗ.
"ಗಟ್ಟಿಗೈತೆ, ಇಲ್ಲ ಅನ್ನಾಂಗಿಲ್ಲ.
ಬಿಚ್ಚೋದು ಹೆಂಗೆ?"

ಹಗ್ಗ ಸವೆದರೆ ಅವಳು ಬಿಚ್ಚುತ್ತಾಳೆ,
ಒಳ್ಳೆಯ ಎಳೆ ಆರಿಸಿ ಇನ್ನೊಂದು ಹೊಸೆಯುತ್ತಾಳೆ,
ಮಿಕ್ಕಿದ್ದು ಒಲೆಗೆ, ಇಲ್ಲಾ ತಿಪ್ಪೆಗೆ.
ಎಪಾಕ್ಸಿ ಒಮ್ಮೆ ಹಿಡಿದರೆ ಹಿಡಿಯಿತು.
ಕರಗುವುದಿಲ್ಲ. ಸುಟ್ಟರೆ ಕರಿಹೊಗೆ.
ಮೊದಲ ಪುಟದಲ್ಲೇ 'ಪರಿಸರಸ್ನೇಹಿ' ಅಂತ ಬರೆದಿದ್ದೆ,
ದಪ್ಪಕ್ಷರದಲ್ಲಿ.
"ಗೊತ್ತಿಲ್ಲ ಅಜ್ಜಿ."
"ಗೊತ್ತಾದ್‌ಮ್ಯಾಕೆ ಬಂದು ಯೋಳು," ಅಂದು
ಮತ್ತೆ ತೊಡೆಯ ಮೇಲೆ ಹುರಿ ಉರುಳಿಸತೊಡಗಿದಳು.

ಮುರಿದ ಪಟ್ಟಿಗಳು ಮೈಸೂರಿಗೆ ಹೋಗಬೇಕಿತ್ತು,
ಗಂಗೋತ್ರಿಯ ದೊಡ್ಡ ಸೂಕ್ಷ್ಮದರ್ಶಕಕ್ಕೆ.
ಮೊಳದುದ್ದದ ಹಗ್ಗದಲ್ಲಿ ಅವಳೇ ಕಟ್ಟಿಕೊಟ್ಟಳು.
ರೈಲಿನ ಕುಲುಕಾಟಕ್ಕೆ ಒಂದೂ ಅಲುಗಲಿಲ್ಲ.
ಅಲ್ಲಿನ ಹುಡುಗ ಬ್ಲೇಡು ತಂದ. ಬೇಡ, ಅಂದೆ.
ಜೀರುಗುಣಿಕೆ. ತುದಿ ಹಿಡಿದು ಎಳೆದರೆ
ಗಂಟು ಇತ್ತೆಂಬುದಕ್ಕೆ ಗುರುತೇ ಇಲ್ಲ.

ಪರದೆಯ ಮೇಲೆ ಮುರಿದ ಮುಖ ಮೂಡಿತು.
ಕೆಲವು ಎಳೆ ರಾಳದ ಜೊತೆಗೇ ತುಂಡಾಗಿದ್ದವು.
ಕೆಲವು ಮಾತ್ರ, ಹೇಗೋ, ಇಡಿಯಾಗಿ ಜಾರಿಕೊಂಡಿದ್ದವು,
ಇದ್ದ ಜಾಗದಲ್ಲಿ ದುಂಡನೆಯ ಬಿಲ ಬಿಟ್ಟು.
ಇದನ್ನು ದೋಷ ಅಂತ ಗುರುತಿಸಬೇಕು.
ಪೆನ್ನು ತೆರೆದು, ಗುರುತಿಸದೆ,
ಬಹಳ ಹೊತ್ತು ನೋಡುತ್ತ ಕೂತೆ.
ಬ್ಯಾಗಿನೊಳಗೆ ಸುರುಳಿ ಸುತ್ತಿಟ್ಟ ಹಗ್ಗ
ಇನ್ನೂ ಸ್ವಲ್ಪ ನಾರುತ್ತಿತ್ತು.